ತಳ ಕಾಣದ ಒರತೆ

ಜನವರಿಯ ಬೆಳಗ್ಗೆ. ಎಂಟೂವರೆಯಾದರೂ ಬಿಸಿಲು ಇನ್ನೂ ಮರಗಳ ತುದಿಯಲ್ಲೇ ಇತ್ತು. ಬಚ್ಚಲ ಹಂಡೆಯ ಮುಚ್ಚಳ ತೆಗೆದಾಗ ಏಳುವ ಹಾಗೆ ನೀರಿನ ಮೇಲೆ ಹಬೆ ಏಳುತ್ತಿತ್ತು. ಮರದ ಜೆಟ್ಟಿಯ ಪಕ್ಕದಲ್ಲಿ ಗಾಜಿನ ತಳದ ದೋಣಿಗಳನ್ನು ಕಟ್ಟಿಹಾಕಿದ್ದರು. ಅವುಗಳ ನಡುವೆ ತೊಟ್ಟಿಯಂಥ ಒಂದು ಜಾಗ, ಅದರ ತಳಕ್ಕೆ ಗಾಜು. ಸುತ್ತ ಕೂತವರು ತಲೆ ಬಗ್ಗಿಸಿದರೆ ದೋಣಿಯ ಕೆಳಗಿನ ಲೋಕವೆಲ್ಲ ಕಾಣಬೇಕು. ಅದನ್ನು ನೋಡುವುದಕ್ಕೆಂದೇ ನಾನು ಅಲ್ಲಿಗೆ ಹೋಗಿದ್ದೆ.

"ಇವತ್ತು ಗಾಜಿನ ದೋಣಿ ಬಿಡಲ್ವಂತೆ ದೊಡ್ಡಮ್ಮ. ನೀರು ಕಪ್ಪಗಿದೆಯಂತೆ" ಎನ್ನುತ್ತ ತಂಗಿಯ ಮಗಳು ಟಿಕೆಟ್ ಕೌಂಟರಿನಿಂದ ವಾಪಸು ಬಂದಳು. "ಹೋದ ವರ್ಷ ನಾನು ಬಂದಾಗಲೂ ಬಿಟ್ಟಿರಲಿಲ್ಲ."

ಅವಳು ಅಮೆರಿಕದ ಫ್ಲಾರಿಡಾ ರಾಜ್ಯದ ರಾಜಧಾನಿ ಟಲ್ಲಹಾಸಿಯಲ್ಲಿ ಭೂವಿಜ್ಞಾನ ಓದುತ್ತಿದ್ದಾಳೆ. ಆ ಊರಿನಿಂದ ದಕ್ಷಿಣಕ್ಕೆ ಇಪ್ಪತ್ತು ಕಿ.ಮೀ. ಚಿಲ್ಲರೆ ದೂರದಲ್ಲಿ ವಕುಲ್ಲಾ ಸ್ಪ್ರಿಂಗ್ಸ್ ಸ್ಟೇಟ್ ಪಾರ್ಕ್ ಇದೆ. ಸುಮಾರು ಆರು ಸಾವಿರ ಎಕರೆ ಕಾಡು, ಕಾಡಿನ ನಡುವೆ ಜಗತ್ತಿನ ಅತಿ ದೊಡ್ಡ, ಅತಿ ಆಳದ ಸಿಹಿನೀರಿನ ಒರತೆಗಳಲ್ಲೊಂದು. ಒರತೆಯ ಬಾಯಿ 56 ಮೀಟರ್ ಆಳದಲ್ಲಿದೆ. ನೀರು ತಿಳಿಯಾಗಿದ್ದ ಕಾಲದಲ್ಲಿ ದೋಣಿಯಲ್ಲಿ ಕೂತವರಿಗೆ ಅಷ್ಟು ಕೆಳಗಿನ ಬಂಡೆಯ ಅಂಚು, ಅದರ ಮೇಲೆ ಸುಳಿಯುವ ಮೀನು ಸ್ಪಷ್ಟವಾಗಿ ಕಾಣುತ್ತಿದ್ದವು.

ಅವತ್ತು ನನಗೆ ಕಂಡಿದ್ದು ಬೇರೆ. ಜೆಟ್ಟಿಯ ಮೆಟ್ಟಿಲಿಳಿದು ಬಗ್ಗಿ ನೋಡಿದೆ. ಮೊಣಕಾಲುದ್ದದ ತನಕ ಮರಳು ಕಾಣುತ್ತಿತ್ತು, ಅಲ್ಲಿಂದ ಮುಂದೆ ತೆಳು ಡಿಕಾಕ್ಷನ್ ಬಣ್ಣ, ಅದರಾಚೆ ಕತ್ತಲೆ. ನಮ್ಮ ಹುಡುಗಿ ಕುಡಿದು ಖಾಲಿ ಮಾಡಿದ್ದ ಬಾಟಲಿಯಲ್ಲಿ ಅದೇ ನೀರನ್ನು ತುಂಬಿ ನನ್ನ ಕೈಗೆ ಕೊಟ್ಟಳು. ಬೆಳಕಿಗೆ ಹಿಡಿದರೆ ಬಣ್ಣವೇ ಇಲ್ಲ! ನಲ್ಲಿಯ ನೀರಿನಷ್ಟೇ ತಿಳಿ. ಬಿಳಿ ಕರವಸ್ತ್ರವನ್ನು ಹಿಂದೆ ಹಿಡಿದಾಗ ಮಾತ್ರ ಹೌದೋ ಅಲ್ಲವೋ ಎನ್ನುವಷ್ಟು ಹಳದಿ.

"ಒಂದು ಗೇಣು ನೀರಿನಲ್ಲಿ ಕಾಣದ್ದು ಐವತ್ತು ಮೀಟರಿನಲ್ಲಿ ಕಾಣುತ್ತೆ" ಎಂದಳು.

ಆ ಮಾತು ದಿನವಿಡೀ ನನ್ನ ತಲೆಯಲ್ಲಿ ಉಳಿಯಿತು. ಒರತೆಯ ತಳ ಕಾಣಲಿಲ್ಲ ಎನ್ನುವುದೇ ಅವತ್ತಿನ ದೊಡ್ಡ ಪಾಠವಾಯಿತು. ಆ ನಸುಹಳದಿ ಎಲ್ಲಿಂದ ಬಂತು ಎಂದು ಹುಡುಕುತ್ತ ಹೋದರೆ ಪಾರ್ಕಿನ ಬೇಲಿ ದಾಟಿ, ಊರು ದಾಟಿ, ಪಕ್ಕದ ರಾಜ್ಯದ ತನಕ ಹೋಗಬೇಕಾಗುತ್ತದೆ.

ಕಲ್ಲು ಕರಗುವ ಲೆಕ್ಕ

ಒರತೆ, ಊಟೆ, ಸೆಲೆ, ಚಿಲುಮೆ ಎಂದು ನಮ್ಮ ಭಾಷೆಯಲ್ಲಿ ಇದಕ್ಕೆ ಹೆಸರು ಹಲವು. ತುಮಕೂರಿನ ಕಡೆ ಕೆರೆಯಂಗಳದಲ್ಲಿ ತೋಡಿಕೊಳ್ಳುವ ಒರತೆಗೆ ತಲಪರಿಗೆ ಎನ್ನುತ್ತಾರೆ. ಮರಳು ಬಗೆದರೆ ಬೊಗಸೆಯಷ್ಟು ತುಂಬುವ, ತುಂಬಿದ್ದನ್ನು ಮೊಗೆದರೆ ಮತ್ತೆ ಮೆಲ್ಲಗೆ ಜಿನುಗುವ ನೀರು ನಮ್ಮ ಮನಸ್ಸಿನಲ್ಲಿರುವ ಒರತೆ. ಕರ್ನಾಟಕದ ಹೆಚ್ಚಿನ ಭಾಗ ಗಟ್ಟಿ ಗ್ರಾನೈಟ್ ಮತ್ತು ನೈಸ್ ಶಿಲೆಯ ನೆಲ. ಅಲ್ಲಿ ನೀರು ಕಲ್ಲಿನ ಬಿರುಕುಗಳಲ್ಲಷ್ಟೇ ಕೂರುತ್ತದೆ, ಹಾಗಾಗಿ ಜಿನುಗುವುದೂ ಸಣ್ಣದಾಗಿಯೇ.

ವಕುಲ್ಲಾದ ಅಳತೆಯೇ ಬೇರೆ. ಅದರ ಬಾಯಿಂದ ದಿನಕ್ಕೆ ಸರಾಸರಿ 25 ಕೋಟಿ ಗ್ಯಾಲನ್, ಅಂದರೆ ಸುಮಾರು 95 ಕೋಟಿ ಲೀಟರ್ ನೀರು ಹೊರಬರುತ್ತದೆ. ಬೆಂಗಳೂರಿಗೆ ನೀರು ತರುವ ಕಾವೇರಿ ಐದನೇ ಹಂತದ ಸಾಮರ್ಥ್ಯ ದಿನಕ್ಕೆ 77.5 ಕೋಟಿ ಲೀಟರ್. ಈ ಒಂದೇ ಒರತೆ ಅದಕ್ಕಿಂತ ಹೆಚ್ಚು ಕೊಡುತ್ತದೆ, ಅದೂ ಪಂಪಿಲ್ಲದೆ, ಕರೆಂಟಿಲ್ಲದೆ. ಸೆಕೆಂಡಿಗೊಂದು ದೊಡ್ಡ ಟ್ಯಾಂಕರ್ ನೀರು ಎಂದಿಟ್ಟುಕೊಳ್ಳಿ. 1973ರ ಏಪ್ರಿಲ್ 11ರಂದು ಅಳೆದಾಗ ಸೆಕೆಂಡಿಗೆ ಐವತ್ತು ಸಾವಿರ ಲೀಟರಿಗೂ ಹೆಚ್ಚು ನೀರು ಬರುತ್ತಿತ್ತು. ಒರತೆಗಳನ್ನು ಹರಿವಿನ ಮೇಲೆ ದರ್ಜೆಗಳಾಗಿ ವಿಂಗಡಿಸಿದವನು ಅಮೆರಿಕದ ಭೂವೈಜ್ಞಾನಿಕ ಸಮೀಕ್ಷೆಯ ಆಸ್ಕರ್ ಮೈನ್ಜರ್, 1927ರಲ್ಲಿ. ಸೆಕೆಂಡಿಗೆ ಸುಮಾರು 2,800 ಲೀಟರ್ ದಾಟಿದರೆ ಅವನ ಪಟ್ಟಿಯಲ್ಲಿ ಅದು ಮೊದಲ ದರ್ಜೆಯ ಒರತೆ. ವಕುಲ್ಲಾದ ಸರಾಸರಿ ಹರಿವು ಆ ಗೆರೆಯ ನಾಲ್ಕರಷ್ಟಿದೆ.

ಇಷ್ಟು ನೀರು ಎಲ್ಲಿ ಕೂತಿರುತ್ತದೆ? ಫ್ಲಾರಿಡಾದ ನೆಲದಡಿ ಇರುವುದು ಸುಣ್ಣಕಲ್ಲು. ಕೋಟ್ಯಂತರ ವರ್ಷಗಳ ಹಿಂದೆ ಆ ಪ್ರದೇಶ ಆಳವಿಲ್ಲದ ಬೆಚ್ಚಗಿನ ಕಡಲಾಗಿತ್ತು. ಅಲ್ಲಿ ಬದುಕಿ ಸತ್ತ ಚಿಪ್ಪುಜೀವಿಗಳ, ಸೂಕ್ಷ್ಮಜೀವಿಗಳ ಸುಣ್ಣದ ಹೊದಿಕೆಗಳು ಪದರ ಪದರವಾಗಿ ಕೂತು ಒತ್ತಿ ಕಲ್ಲಾದವು. ಆ ಕಲ್ಲಿನ ಪದರಗಳಲ್ಲಿ ಫ್ಲಾರಿಡನ್ ಎಂಬ ಹೆಸರಿನ ಮಹಾ ಜಲಧರವಿದೆ. ಫ್ಲಾರಿಡಾ, ಜಾರ್ಜಿಯಾ, ಅಲಬಾಮಾ, ಸೌತ್ ಕ್ಯಾರೊಲಿನಾ ರಾಜ್ಯಗಳ ಅಡಿಯಲ್ಲಿ ಸುಮಾರು ಎರಡೂವರೆ ಲಕ್ಷ ಚದರ ಕಿ.ಮೀ. ಹರಡಿದ ಈ ಜಲಧರ ಸುಮಾರು ಒಂದು ಕೋಟಿ ಜನಕ್ಕೆ ಕುಡಿಯುವ ನೀರು ಕೊಡುತ್ತದೆ.

ಸುಣ್ಣಕಲ್ಲಿಗೂ ಗ್ರಾನೈಟಿಗೂ ಇರುವ ದೊಡ್ಡ ವ್ಯತ್ಯಾಸವೆಂದರೆ ಸುಣ್ಣಕಲ್ಲು ನೀರಿನಲ್ಲಿ ಕರಗುತ್ತದೆ. ಬರೀ ನೀರಿಗೆ ಆ ಶಕ್ತಿ ಕಡಿಮೆ, ಇಂಗಾಲದ ಡೈಆಕ್ಸೈಡ್ ಬೆರೆತ ನೀರಿಗೆ ಹೆಚ್ಚು. ಮಳೆಹನಿ ಗಾಳಿಯಿಂದ ಸ್ವಲ್ಪ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡೇ ನೆಲಕ್ಕೆ ಬೀಳುತ್ತದೆ. ಕೊಳೆಯುವ ಎಲೆ, ಉಸಿರಾಡುವ ಬೇರು ಮತ್ತು ಸೂಕ್ಷ್ಮಾಣುಗಳಿಂದಾಗಿ ಮಣ್ಣಿನೊಳಗೆ ಆ ಅನಿಲ ಗಾಳಿಯಲ್ಲಿರುವುದಕ್ಕಿಂತ ಎಷ್ಟೋ ಪಟ್ಟು ಹೆಚ್ಚಿರುತ್ತದೆ. ಮಣ್ಣಿನ ಮೂಲಕ ಇಳಿದ ನೀರು ಅದನ್ನೂ ಹೀರಿಕೊಂಡು ತೆಳುವಾದ ಕಾರ್ಬಾನಿಕ್ ಆಮ್ಲವಾಗುತ್ತದೆ. ಸೋಡಾದ ಚುರುಕು ಇದೇ ಆಮ್ಲದ್ದು. ಈ ನೀರು ಸುಣ್ಣಕಲ್ಲಿನ ಬಿರುಕಿಗಿಳಿದರೆ ಕಲ್ಲು ಬೈಕಾರ್ಬನೇಟ್ ಆಗಿ ಕರಗಿ ನೀರಿನ ಜತೆಗೇ ಹೊರಟುಬಿಡುತ್ತದೆ. ಬಿರುಕು ಅಗಲವಾದಷ್ಟೂ ಹೆಚ್ಚು ನೀರು ನುಗ್ಗುತ್ತದೆ, ನುಗ್ಗಿದ ನೀರು ಬಿರುಕನ್ನು ಇನ್ನಷ್ಟು ಅಗಲ ಮಾಡುತ್ತದೆ. ಕೂದಲೆಳೆಯಷ್ಟಿದ್ದದ್ದು ಕೊಳವೆಯಾಗುತ್ತದೆ, ಕೊಳವೆ ಸುರಂಗವಾಗುತ್ತದೆ. ಉತ್ತರ ಕನ್ನಡದ ಯಾಣದಲ್ಲಿ ಕಪ್ಪು ಬಂಡೆಗಳ ಚೂಪು, ಟೊಳ್ಳು, ಗುಹೆಗಳನ್ನು ನೋಡಿದವರಿಗೆ ನೀರು ಸುಣ್ಣಕಲ್ಲನ್ನು ಹೇಗೆ ಕೊರೆಯುತ್ತದೆ ಎಂದು ಬೇರೆ ಹೇಳಬೇಕಿಲ್ಲ. ಯಾಣದಲ್ಲಿ ಮೇಲೆದ್ದು ನಿಂತದ್ದು ಇಲ್ಲಿ ನೆಲದಡಿ, ನೀರು ತುಂಬಿಕೊಂಡು ಮಲಗಿದೆ.

ಕರಗುವ ಕಲ್ಲು ಎಷ್ಟು? ಒಂದು ಲೀಟರ್ ನೀರಿನಲ್ಲಿ ನೂರು ಮಿಲಿಗ್ರಾಂ ಸುಣ್ಣಕಲ್ಲು ಕರಗಿದೆ ಎಂದಿಟ್ಟುಕೊಳ್ಳೋಣ, ಸುಣ್ಣಕಲ್ಲಿನ ಸೀಮೆಯ ನೀರಿಗೆ ಇದೇನೂ ಹೆಚ್ಚಲ್ಲ. 95 ಕೋಟಿ ಲೀಟರಿಗೆ ಲೆಕ್ಕ ಹಾಕಿದರೆ ದಿನಕ್ಕೆ 95 ಟನ್. ಹತ್ತು ಟನ್ನಿನ ಒಂಬತ್ತು ಹತ್ತು ಲಾರಿಗಳ ತುಂಬ ಕಲ್ಲು ಪ್ರತಿದಿನ ಯಾರ ಕಣ್ಣಿಗೂ ಬೀಳದೆ, ಸದ್ದಿಲ್ಲದೆ, ತಿಳಿನೀರಿನ ರೂಪದಲ್ಲಿ ಈ ಬಾಯಿಂದ ಹೊರಗೆ ಸಾಗುತ್ತಿದೆ.

ಇನ್ನು ನೀರನ್ನು ಮೇಲಕ್ಕೆ ತಳ್ಳುವವರು ಯಾರು? ಟಲ್ಲಹಾಸಿಯ ಉತ್ತರಕ್ಕೆ ಕೆಂಪು ಜೇಡಿಮಣ್ಣಿನ ದಿಣ್ಣೆಗಳಿವೆ. ಅಲ್ಲಿ ಮತ್ತು ಅದರಾಚೆ ಬಿದ್ದು ಇಂಗಿದ ಮಳೆ, ಸಮುದ್ರಮಟ್ಟಕ್ಕೆ ಸಮೀಪದಲ್ಲಿರುವ ಈ ಒರತೆಗಿಂತ ಎತ್ತರದಲ್ಲಿರುತ್ತದೆ. ಮನೆಯ ತಾರಸಿಯ ಟ್ಯಾಂಕಿನ ನೀರು ಅಡುಗೆಮನೆಯ ನಲ್ಲಿಯಲ್ಲಿ ರಭಸವಾಗಿ ಬರುವ ಹಾಗೆ, ಎತ್ತರದ ನೀರಿನ ಒತ್ತಡ ತಗ್ಗಿನ ಬಾಯಿಯಲ್ಲಿ ನೀರನ್ನು ಚಿಮ್ಮಿಸುತ್ತದೆ.

ಇಪ್ಪತ್ತು ಡಿಗ್ರಿಯ ಆಶ್ರಯ

ಗಾಜಿನ ದೋಣಿ ಇಲ್ಲದಿದ್ದರೂ ನದಿಯಲ್ಲಿ ಸುತ್ತಾಡಿಸುವ ಸಾದಾ ದೋಣಿ ಹೊರಟಿತು. ಈ ನದಿಗೆ ಒರತೆಯೇ ತಾಯಿ. ಹುಟ್ಟಿದ ಜಾಗದಲ್ಲೇ ಪೂರ್ಣ ನದಿಯಾಗಿ ಹೊರಡುತ್ತದೆ. ಎರಡೂ ದಡದಲ್ಲಿ ಸೈಪ್ರೆಸ್ ಮರಗಳು ನೀರಿನಲ್ಲೇ ಕಾಲೂರಿ ನಿಂತಿದ್ದವು, ಅವುಗಳ ಸುತ್ತ ಮಂಡಿಯ ಹಾಗೆ ಬೇರಿನ ಮೊಳಕೆಗಳು. ಒಂದು ಮರದ ದಿಮ್ಮಿಯ ಮೇಲೆ ಐದಾರು ಆಮೆಗಳು ಕತ್ತು ಚಾಚಿ ಬಿಸಿಲಿಗೆ ಕಾಯುತ್ತಿದ್ದವು. ಅದರ ಪಕ್ಕದ ಕೆಸರಿನಲ್ಲಿ ಬಾಯಿ ಮುಚ್ಚಿ ಮಲಗಿದ್ದ ಅಲಿಗೇಟರ್ ಅವುಗಳ ಗೊಡವೆಗೆ ಹೋಗಲಿಲ್ಲ.

ಕೊಂಬೆಯ ಮೇಲೊಂದು ಹಕ್ಕಿ ರೆಕ್ಕೆ ಬಿಚ್ಚಿ ಒಣಗಿಸಿಕೊಳ್ಳುತ್ತಿತ್ತು. ನೋಡಿದೊಡನೆ ಗುರುತು ಹತ್ತಿತು, ನಮ್ಮ ಹಾವಕ್ಕಿಯ ದಾಯಾದಿ! ರಂಗನತಿಟ್ಟಿನಲ್ಲಿ ನೀರಿನಿಂದ ಕತ್ತು ಮಾತ್ರ ಎತ್ತಿ ಹಾವಿನಂತೆ ಈಜುವ ಹಕ್ಕಿಯೂ ಅನ್ಹಿಂಗ ಎಂಬ ಈ ಹಕ್ಕಿಯೂ ಒಂದೇ ಕುಲದವು. ಎರಡಕ್ಕೂ ಬಾತಿನ ಹಾಗೆ ನೀರು ಜಾರಿಸುವ ಗರಿಯಿಲ್ಲ. ಗರಿ ನೆನೆದರೆ ಮೈ ಭಾರವಾಗಿ ಮೀನಿನ ಹಿಂದೆ ಮುಳುಗುವುದು ಸುಲಭವಾಗುತ್ತದೆ, ಆಮೇಲೆ ಹೀಗೆ ಒಣಗಿಸಿಕೊಳ್ಳಲೇಬೇಕು.

ದೋಣಿ ಎಂಜಿನ್ನಿನ ಸದ್ದು ತಗ್ಗಿಸಿತು. "ಎಡಕ್ಕೆ ನೋಡಿ ದೊಡ್ಡಮ್ಮ" ಎಂದು ತಂಗಿಯ ಮಗಳು ತೋಳು ಹಿಡಿದೆಳೆದಳು. ಕಂದು ನೀರಿನಲ್ಲಿ ಬೂದು ಬಂಡೆಯೊಂದು ಮೆಲ್ಲಗೆ ಮೇಲೆದ್ದಿತು, ಎರಡು ಮೂಗಿನ ಹೊಳ್ಳೆ ತೆರೆದುಕೊಂಡವು, ಉಸ್ಸೆಂದು ಉಸಿರು ಬಿಟ್ಟು ಮತ್ತೆ ಮುಚ್ಚಿಕೊಂಡವು. ಮ್ಯಾನಟೀ, ಕಡಲ ಹಸು. ಹುಲ್ಲು ತಿಂದು ಬದುಕುವ ಈ ನಾಲ್ಕೈದು ಕ್ವಿಂಟಲಿನ ಪ್ರಾಣಿಗೆ ಆನೆ ದೂರದ ನೆಂಟ. ಮೈ ಇಷ್ಟು ದೊಡ್ಡದಾದರೂ ಚಳಿ ತಾಳುವ ಕೊಬ್ಬು ಅದಕ್ಕಿಲ್ಲ. ನೀರು 20 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಾದರೆ ಜೀವಕ್ಕೇ ಅಪಾಯ. ಚಳಿಗಾಲದಲ್ಲಿ ಸಮುದ್ರ ತಣ್ಣಗಾದಾಗ ಅದು ನದಿ ಹಿಡಿದು ಒರತೆಗೆ ಬರುತ್ತದೆ, ಏಕೆಂದರೆ ಒರತೆಯ ನೀರು ವರ್ಷವಿಡೀ 20-21 ಡಿಗ್ರಿಯಲ್ಲೇ ಇರುತ್ತದೆ.

ಈ ಬದಲಾಗದ ಬಿಸುಪಿನ ಕಾರಣ ಸರಳ. ಹಗಲಿನ ಬಿಸಿ ಇರುಳಿನ ತಂಪು ನೆಲದೊಳಗೆ ಒಂದೆರಡಡಿ ಇಳಿಯುವಷ್ಟರಲ್ಲಿ ಆರಿಹೋಗುತ್ತವೆ. ಬೇಸಿಗೆ ಚಳಿಗಾಲಗಳ ಏರಿಳಿತವೂ ಹತ್ತು ಹದಿನೈದು ಮೀಟರ್ ಕೆಳಗೆ ಮುಟ್ಟುವುದಿಲ್ಲ. ಅದಕ್ಕಿಂತ ಆಳದ ಕಲ್ಲು ಆ ಊರಿನ ಇಡೀ ವರ್ಷದ ಸರಾಸರಿ ತಾಪಮಾನದಲ್ಲಿ ನಿಂತುಬಿಡುತ್ತದೆ. ಟಲ್ಲಹಾಸಿಯ ವಾರ್ಷಿಕ ಸರಾಸರಿ ಸುಮಾರು 20 ಡಿಗ್ರಿ, ಒರತೆಯದೂ ಹೆಚ್ಚುಕಡಿಮೆ ಅಷ್ಟೇ. ಬೆಳಗಿನ ಐದಾರು ಡಿಗ್ರಿ ಗಾಳಿಯಲ್ಲಿ ನಡುಗುತ್ತಿದ್ದ ನನಗೆ ಬೆರಳದ್ದಿದರೆ ಆ ನೀರು ಬೆಚ್ಚಗಿತ್ತು. ಮೇ ತಿಂಗಳ ಸೆಕೆಯಲ್ಲಿ ಅದೇ ನೀರು ತಣ್ಣಗೆ ಕೊರೆಯುತ್ತದೆ. ನಮ್ಮ ಹಳ್ಳಿಯ ಬಾವಿನೀರು ಚಳಿಗಾಲಕ್ಕೆ ಬೆಚ್ಚಗೆ, ಬೇಸಿಗೆಗೆ ತಂಪು ಎನ್ನುವುದಕ್ಕೂ ಇದೇ ಕಾರಣ.

ಕತ್ತಲೆಯ ದಾರಿ ಅಳೆದವರು

ಒರತೆಯ ಬಾಯೊಳಗೆ ಏನಿದೆ ಎಂಬ ಕುತೂಹಲ ಹಳೆಯದು. 1850ರಲ್ಲೇ ಸಾರಾ ಸ್ಮಿತ್ ಎಂಬಾಕೆ ತಳದಲ್ಲಿ ದೈತ್ಯ ಮೂಳೆಗಳಿರುವುದನ್ನು ಬರೆದಿದ್ದಳು. 1930ರಲ್ಲಿ ಭೂವಿಜ್ಞಾನಿ ಹರ್ಮನ್ ಗಂಟರ್ ನೇತೃತ್ವದಲ್ಲಿ ಇಲ್ಲಿಂದ ಒಂದು ಮಾಸ್ಟೊಡಾನ್‌ನ ಬಹುಪಾಲು ಅಸ್ಥಿಪಂಜರವನ್ನು ಮೇಲೆತ್ತಲಾಯಿತು. ಆನೆಯ ಬಂಧುವಾಗಿದ್ದ ಆ ಅಳಿದ ಪ್ರಾಣಿ ಈಗ ಟಲ್ಲಹಾಸಿಯ ಇತಿಹಾಸ ವಸ್ತುಸಂಗ್ರಹಾಲಯದಲ್ಲಿ ನಿಂತಿದೆ. ಅದರ ಕಾಲಕ್ಕೆ ಇಲ್ಲಿನ ನೋಟ ಬೇರೆಯೇ ಇತ್ತು. ಸುಮಾರು 20,000 ವರ್ಷಗಳ ಹಿಂದೆ ಹಿಮಯುಗ ಉತ್ತುಂಗದಲ್ಲಿದ್ದಾಗ ಸಮುದ್ರಮಟ್ಟ ಇಂದಿಗಿಂತ 120 ಮೀಟರಿನಷ್ಟು ಕೆಳಗಿತ್ತು, ಅಂತರ್ಜಲವೂ ಅದರ ಜತೆ ತಗ್ಗಿತ್ತು. ಒಣನೆಲದ ನಡುವಿನ ಇಂಥ ಗುಂಡಿಗಳಿಗೆ ಪ್ರಾಣಿಗಳು ನೀರು ಹುಡುಕಿಕೊಂಡು ಬರುತ್ತಿದ್ದವು.

1950ರ ದಶಕದಲ್ಲಿ ಫ್ಲಾರಿಡಾ ಸ್ಟೇಟ್ ವಿಶ್ವವಿದ್ಯಾಲಯದ ಕೆಲ ವಿದ್ಯಾರ್ಥಿಗಳು ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಒಳಗೆ ಇಳಿದರು. ಸುರಂಗ ಮುಗಿಯಲೇ ಇಲ್ಲ. 1987ರಲ್ಲಿ ಬಿಲ್ ಸ್ಟೋನ್ ಎಂಬ ಎಂಜಿನಿಯರನ ತಂಡ ಬಂತು. ಬಿಟ್ಟ ಉಸಿರಿನಿಂದ ಇಂಗಾಲದ ಡೈಆಕ್ಸೈಡ್ ತೆಗೆದು, ಖರ್ಚಾದಷ್ಟೇ ಆಮ್ಲಜನಕ ಸೇರಿಸಿ ಅದೇ ಗಾಳಿಯನ್ನು ಮತ್ತೆ ಉಸಿರಾಡಲು ಕೊಡುವ ಯಂತ್ರವನ್ನು ಅವನು ತಯಾರಿಸಿದ್ದ. ಅದನ್ನು ಹೊತ್ತು ಇದೇ ಒರತೆಯಲ್ಲಿ ಇಪ್ಪತ್ನಾಲ್ಕು ಗಂಟೆ ನೀರೊಳಗೇ ಇದ್ದು ತೋರಿಸಿದ. 1998-99ರಲ್ಲಿ ಅವನ ತಂಡ ಮತ್ತೆ ಬಂದು ಶಬ್ದತರಂಗಗಳಿಂದ ಸುರಂಗದ ಗೋಡೆ ಅಳೆಯುವ ಉಪಕರಣದಿಂದ ಮೂರು ಆಯಾಮದ ನಕ್ಷೆ ಮಾಡಿತು.

ಎಲ್ಲಕ್ಕಿಂತ ದೊಡ್ಡ ನಡೆ 2007ರದು. ಜಾರಡ್ ಜಬ್ಲಾನ್ಸ್ಕಿ ಮತ್ತು ಕೇಸಿ ಮೆಕಿನ್ಲೆ ಎಂಬ ಇಬ್ಬರು ಮುಳುಗುಗಾರರು ದೂರದ ಕಾಡಿನಲ್ಲಿರುವ ಟರ್ನರ್ ಎಂಬ ಸಿಂಕ್‌ಹೋಲ್‌ನಲ್ಲಿ ಇಳಿದು, ಸುಮಾರು 90 ಮೀಟರ್ ಆಳದಲ್ಲಿ 11 ಕಿ.ಮೀ. ಸಾಗಿ, ವಕುಲ್ಲಾ ಒರತೆಯ ಬಾಯಲ್ಲಿ ಹೊರಬಂದರು. ಸಿಂಕ್‌ಹೋಲ್ ಎಂದರೆ ಒಳಗಿನ ಸುಣ್ಣಕಲ್ಲು ಕರಗಿ ಮೇಲಿನ ನೆಲ ಕುಸಿದು ಆದ ಗುಂಡಿ. ಅಷ್ಟು ಆಳದಲ್ಲಿ ನೀರಿನ ಒತ್ತಡಕ್ಕೆ ಉಸಿರಿನ ಅನಿಲ ರಕ್ತದಲ್ಲಿ, ಮೈಯ ಊತಕಗಳಲ್ಲಿ ಕರಗಿಕೊಳ್ಳುತ್ತದೆ. ಒಮ್ಮೆಲೇ ಮೇಲೆದ್ದರೆ ಸೋಡಾ ಬಾಟಲಿ ತೆರೆದಾಗಿನಂತೆ ಅದು ಗುಳ್ಳೆಗಳಾಗಿ ಪ್ರಾಣ ತೆಗೆಯಬಲ್ಲದು. ಹಾಗಾಗಿ ಸುರಂಗ ದಾಟಿದ್ದಕ್ಕಿಂತ ಹೆಚ್ಚು ಹೊತ್ತು ಅವರು ಒರತೆಯ ಬಾಯಿಂದ ಮೇಲ್ಮೈಗೆ ಮೆಟ್ಟಿಲು ಮೆಟ್ಟಿಲಾಗಿ, ತಂಗಿ ತಂಗಿ ಏರಬೇಕಾಯಿತು. ಆ ವರ್ಷದ ಶೋಧಗಳಿಂದ ವಕುಲ್ಲಾ ಮತ್ತು ಲಿಯಾನ್ ಸಿಂಕ್ಸ್ ಎಂಬ ಎರಡು ಗುಹಾಜಾಲಗಳು ಒಂದೇ ಎಂದು ಖಚಿತವಾಯಿತು. ಅಳೆದು ಮುಗಿಸಿದ ಸುರಂಗಗಳ ಒಟ್ಟು ಉದ್ದ ಐವತ್ತು ಕಿ.ಮೀ. ದಾಟುತ್ತದೆ. ಬೆಳಕೇ ಕಾಣದ ಆ ದಾರಿಗಳಲ್ಲಿ ಬಣ್ಣವಿಲ್ಲದ, ನೋಟವಿಲ್ಲದ ಒಂದು ಜಾತಿಯ ಕ್ರೇಫಿಶ್ ಬದುಕಿದೆ.

ಈ ಸಾಹಸ ಸಾಧಿಸಿದ್ದು ದಾಖಲೆಯೊಂದನ್ನೇ ಅಲ್ಲ. ನೀರು ಕಲ್ಲಿನ ಸಣ್ಣ ರಂಧ್ರಗಳಲ್ಲಿ ಜಿನುಗಿ, ಸೋಸಿ, ವರ್ಷಗಟ್ಟಲೆ ತಂಗಿ ಬರುತ್ತದೆ ಎಂಬ ನಂಬಿಕೆಯ ಪಕ್ಕದಲ್ಲಿ ಇನ್ನೊಂದು ಸತ್ಯ ನಿಂತಿತು. ನೀರಿನ ಒಂದು ಪಾಲು ಮನೆಯಷ್ಟು ಅಗಲದ ಸುರಂಗಗಳಲ್ಲಿ ನದಿಯಂತೆಯೇ ಹರಿದು ಬರುತ್ತದೆ. ಸೋಸುವುದಕ್ಕೆ ಅಲ್ಲಿ ಮರಳೂ ಇಲ್ಲ, ಬಿಡುವೂ ಇಲ್ಲ.

ನೀಲಿ ಹೋಗಿ ಕಂದು ಬಂದದ್ದು

ಜೆಟ್ಟಿಯ ಹಿಂದೆ 1937ರಲ್ಲಿ ಕಟ್ಟಿದ ಲಾಡ್ಜ್ ಇದೆ. ಕಟ್ಟಿಸಿದವನು ಎಡ್ವರ್ಡ್ ಬಾಲ್ ಎಂಬ ಹಣಕಾಸುಗಾರ. ಈ ನೆಲವೆಲ್ಲ ಅವನದಾಗಿತ್ತು, 1986ರಲ್ಲಿ ರಾಜ್ಯ ಸರಕಾರ ಕೊಂಡಿತು. ಅವನ ಕಾಲದಲ್ಲಿ ಸಿನಿಮಾದವರು ಇಲ್ಲಿಗೆ ಬಂದರು. 1941ರ ಒಂದು ಟಾರ್ಜನ್ ಚಿತ್ರಕ್ಕೆ, 1954ರ 'ಕ್ರೀಚರ್ ಫ್ರಮ್ ದ ಬ್ಲ್ಯಾಕ್ ಲಗೂನ್' ಚಿತ್ರಕ್ಕೆ ನೀರೊಳಗಿನ ದೃಶ್ಯಗಳನ್ನು ಇಲ್ಲೇ ತೆಗೆದರು. ಕ್ಯಾಮೆರಾಗೆ ಬೇಕಾದದ್ದು ನೀರಿನ ತಿಳಿ, ಅದು ಇಲ್ಲಿ ಧಾರಾಳವಾಗಿತ್ತು.

ಶುದ್ಧ ನೀರಿಗೂ ಒಂದು ಬಣ್ಣವಿದೆ. ಬೆಳಕು ನೀರಿನೊಳಗೆ ಇಳಿಯುತ್ತಿದ್ದಂತೆ ನೀರು ಮೊದಲು ಕೆಂಪನ್ನು ಹೀರುತ್ತದೆ, ನೀಲಿಯನ್ನು ಕೊನೆಗೆ. ಆಳದಿಂದ ಮರಳಿ ಬರುವ ಬೆಳಕಿನಲ್ಲಿ ನೀಲಿಯೇ ಉಳಿದಿರುತ್ತದೆ. ಹಾಗಾಗಿ ಮಣ್ಣಿನ ಕಣ, ಪಾಚಿ ಯಾವುದೂ ಇಲ್ಲದ ಆಳದ ಒರತೆ ನೀಲಿಯಾಗಿ ಕಾಣುತ್ತದೆ. ಕೊಳೆತ ಎಲೆ ತೊಗಟೆಗಳಿಂದ ಬಸಿಯುವ ಟ್ಯಾನಿನ್ ಇದಕ್ಕೆ ತದ್ವಿರುದ್ಧ. ಚಹಾಕ್ಕೆ ಬಣ್ಣ ಕೊಡುವ ವಸ್ತುಗಳ ಬಳಗದ ಇದು ನೀಲಿಯನ್ನೇ ಮೊದಲು ನುಂಗುತ್ತದೆ. ನೀರು ಕೆಂಪನ್ನು ನುಂಗಿತು, ಟ್ಯಾನಿನ್ ನೀಲಿಯನ್ನು ನುಂಗಿತು, ಉಳಿದದ್ದು ಮಬ್ಬು. ಬಾಟಲಿಯಲ್ಲಿ ಲೆಕ್ಕಕ್ಕೇ ಬಾರದ ಹಳದಿ ಐವತ್ತು ಮೀಟರಿನಲ್ಲಿ ಕತ್ತಲೆಯಾಗುವುದು ಹೀಗೆ.

ಜೋರು ಮಳೆಯಾದ ಮೇಲೆ ಕೆಲ ದಿನ ಒರತೆ ಕಂದಾಗುವುದು ಹಿಂದೆಯೂ ಇತ್ತು. ಉತ್ತರದ ಜೇಡಿಮಣ್ಣಿನ ದಿಣ್ಣೆ ಮುಗಿಯುವ ಕಡೆ ಪುರಾತನ ಕಡಲತೀರದ ಒಂದು ಏಣು ಇದೆ, ಕೋಡಿ ಸ್ಕಾರ್ಪ್ ಎನ್ನುತ್ತಾರೆ. ಅದರ ದಕ್ಷಿಣಕ್ಕೆ ಸುಣ್ಣಕಲ್ಲಿನ ಮೇಲೆ ಜೇಡಿಯ ಹೊದಿಕೆಯಿಲ್ಲ, ತೆಳುವಾದ ಮರಳಷ್ಟೇ. ಕಾಡಿನ ಜೌಗಿನಿಂದ ಹೊರಟ ಕಂದು ಹಳ್ಳಗಳು ಆ ಏಣು ದಾಟಿದ ಸ್ವಲ್ಪ ದೂರದಲ್ಲಿ ಸಿಂಕ್‌ಹೋಲ್‌ಗಳಿಗೆ ಧುಮುಕಿ ಮಾಯವಾಗುತ್ತವೆ. ಈಚಿನ ದಶಕಗಳಲ್ಲಿ ಬದಲಾದದ್ದು ಕಂದು ದಿನಗಳ ಎಣಿಕೆ. ತಿಳಿಯಾದ ದಿನಗಳು ಅಪರೂಪವಾಗಿ, ಗಾಜಿನ ದೋಣಿಗಳು ಕಟ್ಟಿದಲ್ಲೇ ನಿಲ್ಲುತ್ತಿವೆ. ಟ್ಯಾನಿನ್ ಜತೆ, ಮೇಲ್ದಂಡೆಯ ಕೆರೆಗಳ ಪಾಚಿಯಿಂದ ಬರುವ ಹಸಿರು ವರ್ಣವೂ ನೀರಿನಲ್ಲಿ ಕಂಡಿದೆ.

ಇದಕ್ಕೆ ಒಂದು ಕಾರಣ ದಕ್ಷಿಣದಲ್ಲಿ, ಕಡಲಂಚಿನಲ್ಲಿದೆ. ಅಲ್ಲಿ ಸ್ಪ್ರಿಂಗ್ ಕ್ರೀಕ್ ಎಂಬ ಇನ್ನೊಂದು ಒರತೆಗಳ ಗುಂಪು ಉಪ್ಪುನೀರಿನಡಿಯಲ್ಲೇ ಬಾಯಿ ತೆರೆದಿದೆ. ಸಮುದ್ರದ ನೀರು ಸಿಹಿನೀರಿಗಿಂತ ನೂರಕ್ಕೆ ಎರಡೂವರೆಯಷ್ಟು ಹೆಚ್ಚು ಭಾರ. ಮಳೆ ಕಡಿಮೆಯಾಗಿ ಒಳಗಿನ ಸಿಹಿನೀರಿನ ಒತ್ತಡ ಇಳಿದಾಗ ಆ ಭಾರದ ನೀರು ಬಾಯೊಳಗೆ ನುಗ್ಗಿ ಬಿರಡೆಯಂತೆ ಕೂರುತ್ತದೆ. ಅಲ್ಲಿ ಹೊರಬೀಳಬೇಕಿದ್ದ ಸಿಹಿನೀರು, ಅದರ ಜತೆ ಕಾಡುಹಳ್ಳಗಳ ಕಂದು ನೀರೂ, ಸುರಂಗಗಳಲ್ಲಿ ದಾರಿ ಬದಲಿಸಿ ವಕುಲ್ಲಾದ ಕಡೆ ತಿರುಗುತ್ತದೆ. ಸಮುದ್ರಮಟ್ಟ ಏರಿದಷ್ಟೂ ಆ ಬಿರಡೆ ಬಿಗಿಯಾಗುತ್ತದೆ. ಕಡಲಿನಿಂದ ಎಷ್ಟೋ ದೂರ ಕಾಡಿನ ನಡುವೆ ಕಟ್ಟಿಹಾಕಿದ ದೋಣಿಗೂ ಬಿಸಿಯೇರುತ್ತಿರುವ ಭೂಮಿಗೂ ಹೀಗೊಂದು ನಂಟಿದೆ.

ಬಣ್ಣ ಹಾಕಿ ಹಿಡಿದ ಜಾಡು

ನೀರು ತಿಳಿಯಿದ್ದ ದಿನಗಳಲ್ಲೇ ಇನ್ನೊಂದು ಬದಲಾವಣೆ ಶುರುವಾಗಿತ್ತು. ಅದು ಬಣ್ಣವಿಲ್ಲದ್ದು, ರುಚಿಯಿಲ್ಲದ್ದು, ನೈಟ್ರೇಟ್. 1997ರಲ್ಲಿ ಇಲ್ಲಿ ಹೈಡ್ರಿಲ್ಲಾ ಎಂಬ ಹೊರಗಿನ ಜಲಸಸ್ಯ ಕಾಣಿಸಿಕೊಂಡು, ನೈಟ್ರೇಟ್ ಗೊಬ್ಬರ ಸಿಕ್ಕಿ, ಕೆಲವೇ ವರ್ಷದಲ್ಲಿ ಒರತೆಯ ತುಂಬ ದಟ್ಟವಾಗಿ ಹಬ್ಬಿತು. ಮೂಲದ ಹುಲ್ಲುಗಳ ಮೇಲೆ ಪಾಚಿ ಕೂತಿತು. ಆ ಹುಲ್ಲಿನ ದಂಟಿಗೇರಿ ಮೊಟ್ಟೆಯಿಡುತ್ತಿದ್ದ ಆಪಲ್ ಬಸವನಹುಳು ಕಡಿಮೆಯಾಯಿತು. ಆ ಹುಳುವನ್ನೇ ನಂಬಿದ್ದ ಲಿಂಪ್ಕಿನ್ ಹಕ್ಕಿ 1990ರ ದಶಕ ಮುಗಿಯುವ ಹೊತ್ತಿಗೆ ಈ ನದಿಯಿಂದ ಕಾಣೆಯಾಯಿತು.

ನೈಟ್ರೇಟ್ ಎಲ್ಲಿಂದ ಬಂತು? ಒರತೆಯ ಉತ್ತರಕ್ಕೆ ಸುಮಾರು ಹದಿನಾರು ಕಿ.ಮೀ. ದೂರದಲ್ಲಿ ಒಂದು ವಿಶಾಲ ಹೊಲವಿದೆ. ಟಲ್ಲಹಾಸಿ ನಗರದ ಕೊಳಚೆ ನೀರನ್ನು ಶುದ್ಧೀಕರಿಸಿ ಅಲ್ಲಿ ಬೆಳೆಗೆ ಸಿಂಪಡಿಸುತ್ತಿದ್ದರು. ಬೆಳೆ ಸಾರಜನಕ ಹೀರಿಕೊಳ್ಳುತ್ತದೆ, ಮಿಕ್ಕದ್ದನ್ನು ಮಣ್ಣು ತಡೆಯುತ್ತದೆ ಎಂಬುದು ಲೆಕ್ಕಾಚಾರ. ವಿಜ್ಞಾನಿಗಳು ಅಲ್ಲಿ ನೆಲದಡಿಗೆ ಹೊಳೆಯುವ ಬಣ್ಣವನ್ನು ಇಳಿಸಿದರು. ಕಣ್ಣಿಗೆ ಕಾಣದಷ್ಟು ತೆಳುವಾದರೂ ಉಪಕರಣ ಗುರುತಿಸಬಲ್ಲ ಬಣ್ಣ ಅದು. ಒರತೆಯಲ್ಲಿ ಇದ್ದಿಲಿನ ಪುಟ್ಟ ಪೊಟ್ಟಣಗಳನ್ನು ಇಳಿಬಿಟ್ಟು, ಬಣ್ಣ ಬಂದರೆ ಇದ್ದಿಲು ಹಿಡಿದಿಟ್ಟುಕೊಳ್ಳಲಿ ಎಂದು ಕಾದರು. ಸುಮಾರು ಎರಡು ತಿಂಗಳಲ್ಲಿ ಬಣ್ಣ ಬಂತು. ಹೊಲಕ್ಕೆ ಹಾಕಿದ್ದು ಒರತೆಗೆ ಬರುತ್ತದೆ ಎನ್ನುವುದು ಇನ್ನು ಅನುಮಾನದ ಮಾತಾಗಿ ಉಳಿಯಲಿಲ್ಲ.

ಇಲ್ಲಿ ಒಂದು ಅಳತೆಯನ್ನು ನೆನಪಿಡಬೇಕು. ಅಮೆರಿಕದಲ್ಲಿ ಕುಡಿಯುವ ನೀರಿನಲ್ಲಿ ನೈಟ್ರೇಟ್ ರೂಪದ ಸಾರಜನಕ ಲೀಟರಿಗೆ 10 ಮಿಲಿಗ್ರಾಂ ತನಕ ಇರಬಹುದು. ಒರತೆಗಳಿಗೆ ಫ್ಲಾರಿಡಾ ರಾಜ್ಯ ಇಟ್ಟಿರುವ ಮಿತಿ 0.35 ಮಿಲಿಗ್ರಾಂ. ವಕುಲ್ಲಾದ ಮಟ್ಟ ಕೆಟ್ಟ ದಿನಗಳಲ್ಲೂ 1ರ ಆಸುಪಾಸಿನಲ್ಲಿತ್ತು. ಅಂದರೆ ನಾವು ಕುಡಿಯಲು ಯಾವ ತೊಂದರೆಯೂ ಇಲ್ಲದ ನೀರಿನಲ್ಲೇ ಒರತೆಯ ಸಂಸಾರ ಕೆಟ್ಟಿತು. ನಮ್ಮ ಆರೋಗ್ಯದ ಅಳತೆಗೋಲು ಬಸವನಹುಳುವಿಗೂ ಹೊಂದುತ್ತದೆ ಎಂದು ತಿಳಿಯುವುದು ತಪ್ಪು.

ಈ ಕತೆಗೆ ಸಮಾಧಾನದ ತಿರುವೂ ಇದೆ. ಪುರಾವೆ ಎದುರಿಗಿದ್ದುದರಿಂದ, ಜನರೂ ಪಟ್ಟು ಹಿಡಿದುದರಿಂದ ನಗರ ತನ್ನ ಶುದ್ಧೀಕರಣ ಘಟಕವನ್ನು ದೊಡ್ಡ ಖರ್ಚಿನಲ್ಲಿ ಮೇಲ್ದರ್ಜೆಗೇರಿಸಿತು. ಸಾರಜನಕವನ್ನು ಅಲ್ಲೇ ಸೂಕ್ಷ್ಮಾಣುಗಳಿಂದ ಗಾಳಿಗೆ ಬಿಡಿಸುವ ವ್ಯವಸ್ಥೆ ಬಂತು. ಒರತೆಯ ನೈಟ್ರೇಟ್ ಅರ್ಧಕ್ಕಿಂತ ಕೆಳಗಿಳಿಯಿತು. 2000ರ ದಶಕದ ಕೊನೆಯಿಂದ ಚಳಿಗಾಲ ಕಳೆಯಲು ಬರತೊಡಗಿದ ಮ್ಯಾನಟೀಗಳು ಹೈಡ್ರಿಲ್ಲಾವನ್ನು ಮೇಯ್ದು ತೆಳುವಾಗಿಸಲು ನೆರವಾದವು. ಇನ್ನು ಉಳಿದಿರುವ ನೈಟ್ರೇಟಿನಲ್ಲಿ ದೊಡ್ಡ ಪಾಲು ಮನೆಮನೆಯ ಸೆಪ್ಟಿಕ್ ಟ್ಯಾಂಕ್‌ಗಳದ್ದು.

ಅಕ್ಕಚ್ಚು ಎಲ್ಲಿಗೆ ಹೋಗುತ್ತದೆ

ಆ ಸಂಜೆ ನಾವು ಉಳಿದದ್ದು ತಂಗಿಯ ಮಗಳು ಗೆಳತಿಯರ ಜತೆ ಬಾಡಿಗೆಗೆ ಹಿಡಿದ ಮನೆಯಲ್ಲಿ. ಊರಿನ ದಕ್ಷಿಣಕ್ಕೆ, ಕೋಡಿ ಸ್ಕಾರ್ಪಿನ ಕೆಳಗೆ, ಪೈನ್ ಮರಗಳ ನಡುವೆ. ಅನ್ನಕ್ಕಿಡಲು ನಾನು ಅಕ್ಕಿ ತೊಳೆದೆ. ಹಾಲಿನಂಥ ನೀರನ್ನು ಸಿಂಕಿಗೆ ಚೆಲ್ಲುವಾಗ ಕೈ ತಡೆಯಿತು. ಊರಿನಲ್ಲಿ ಅಮ್ಮ ಈ ಅಕ್ಕಚ್ಚನ್ನು ಎಂದೂ ಚೆಲ್ಲಿದವಳಲ್ಲ. ಬಾನಿಗೆ ಸುರಿದಿಟ್ಟರೆ ಸಂಜೆ ಹಸು ಕುಡಿಯುತ್ತಿತ್ತು. ಪಾತ್ರೆ ತೊಳೆದ ನೀರು ಬಾಳೆಯ ಬುಡಕ್ಕೆ, ಬಚ್ಚಲಿನ ನೀರು ತೆಂಗಿಗೆ. ಮನೆಯ ಪ್ರತಿಯೊಂದು ನೀರಿನ ಮುಂದಿನ ಊರು ಯಾವುದೆಂದು ಅವಳಿಗೆ ಗೊತ್ತಿತ್ತು.

"ಪುಟ್ಟಿ, ಈ ಸಿಂಕಿನ ನೀರು ಎಲ್ಲಿಗೆ ಹೋಗುತ್ತೆ?" ಎಂದು ಕೇಳಿದೆ.

ಅವಳು ಹಿತ್ತಲ ಬಾಗಿಲು ತೆರೆದು, ಮೊಬೈಲಿನ ಟಾರ್ಚ್ ಹಾಕಿ ತೋರಿಸಿದಳು. ಪೈನ್ ಎಲೆಗಳ ನಡುವೆ ಒಂದು ದುಂಡನೆಯ ಕಾಂಕ್ರೀಟ್ ಮುಚ್ಚಳ. ಅಲ್ಲಿಂದ ಮಣ್ಣಿನಲ್ಲಿ ಹೂತ ತೂತು ಕೊಳವೆಗಳಿಗೆ. ಕೊಳವೆಯಿಂದ ಮರಳಿಗೆ. "ಈ ಮರಳು ಕೆಲವೇ ಅಡಿ ದೊಡ್ಡಮ್ಮ, ಅದರ ಕೆಳಗೆ ಸುಣ್ಣಕಲ್ಲು" ಎಂದು ಹೇಳಿ ಅವಳು ಸುಮ್ಮನಾದಳು. ಮುಂದಿನದನ್ನು ಇಬ್ಬರೂ ಬೆಳಗ್ಗೆಯಿಂದ ನೋಡಿಕೊಂಡೇ ಬಂದಿದ್ದೆವು.

ಆರು ಸಾವಿರ ಎಕರೆಗೆ ಬೇಲಿ ಹಾಕಿ, ರೇಂಜರುಗಳನ್ನು ನೇಮಿಸಿ, ಒಂದು ಎಲೆ ಕೀಳದಂತೆ ಕಾಯಬಹುದು. ವಕುಲ್ಲಾವನ್ನು ಹಾಗೆಯೇ ಕಾಯುತ್ತಿದ್ದಾರೆ. ಆದರೆ ಒರತೆ ಆ ಬೇಲಿಯೊಳಗೆ ಕಣ್ಣು ತೆರೆಯುತ್ತದಷ್ಟೇ. ಅದರ ಮೈ ಜಾರ್ಜಿಯಾದ ತನಕ ಚಾಚಿದೆ, ರಸ್ತೆಗಳ ಅಡಿ, ಹುಲ್ಲುಹಾಸುಗಳ ಅಡಿ, ಈ ಅಡುಗೆಮನೆಯ ಅಡಿ. ಪಾರ್ಕಿನ ಗಡಿಯನ್ನು ನಕ್ಷೆ ಬರೆಯುವವರು ನಿರ್ಧರಿಸುತ್ತಾರೆ, ಒರತೆಯ ಗಡಿಯನ್ನು ಮಳೆ ಮತ್ತು ಕಲ್ಲು ನಿರ್ಧರಿಸುತ್ತವೆ. ಒರತೆಯನ್ನು ಉಳಿಸುವ ಕೆಲಸ ಒರತೆಯ ದಡದಲ್ಲಿ ಮುಗಿಯುವುದಿಲ್ಲ ಎನ್ನುವುದನ್ನು ಆ ಬಾಟಲಿಯ ನಸುಹಳದಿ ಬೆಳಗ್ಗೆಯೇ ಹೇಳಿತ್ತು.

ಪಾತ್ರೆಯಲ್ಲಿದ್ದ ಅಕ್ಕಚ್ಚನ್ನು ಎತ್ತಿಕೊಂಡು ಹಿತ್ತಲಿಗೆ ಹೋದೆ. ಹುಡುಗಿಯರು ಕುಂಡಗಳಲ್ಲಿ ಕರಿಬೇವು, ಮೆಣಸಿನ ಗಿಡ ಬೆಳೆಸಿದ್ದರು. ಮಣ್ಣು ಒಣಗಿತ್ತು. ಸುರಿದ ನೀರನ್ನು ಗುಳುಗುಳು ಕುಡಿಯಿತು. ಕುಂಡದ ತಳದಿಂದ ಒಂದು ಹನಿಯೂ ಹೊರಬರಲಿಲ್ಲ.